‘ಪ್ರಿಸರ್ವೇಟಿವ್ ಇಲ್ಲ’ ಎಂದು ಹೆಮ್ಮೆ ಪಡುವ ಮುನ್ನ

ಚೆನ್ನೈ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಟ್ನಿಪುಡಿ, ಹಪ್ಪಳ, ಗೊಜ್ಜಿನ ಜತೆಗೆ ಈಗ ಇನ್ನೊಂದು ಸರಕು ಓಡಾಡುತ್ತಿದೆ: ಮನೆಯಲ್ಲೇ ಮಾಡಿದ ಸೋಪು. ಲಾಕ್‌ಡೌನ್ ದಿನಗಳಲ್ಲಿ ಹೊತ್ತು ಕಳೆಯಲು ಕಲಿತ ಕೈಕೆಲಸ ಕೆಲವು ಮನೆಗಳಲ್ಲಿ ಮಕ್ಕಳ ಶಾಲಾ ಫೀಸಿಗೆ ಆಸರೆಯಾಗಿದೆ. ವೇಳಚೇರಿಯ ಅಪಾರ್ಟ್‌ಮೆಂಟಿನಿಂದ ಹಿಡಿದು ಪೆರಂಬೂರಿನ ಹಳೆಯ ಮನೆಗಳವರೆಗೆ ಈ ಕೆಲಸ ನಡೆಯುತ್ತಿದೆ. ನವೆಂಬರಿನಲ್ಲಿ ರಾಜ್ಯೋತ್ಸವದ ಮಳಿಗೆಗಳಲ್ಲೂ ಬಿಲ್ಲೆಗಳು, ಬಾಟಲಿಗಳು ಸಾಲಾಗಿ ನಿಲ್ಲುತ್ತವೆ. ಚೀಟಿಯ ಮೇಲೆ ಸಾಮಾನ್ಯವಾಗಿ ಮೂರು ಮಾತು: ಕೈಯಿಂದ ಮಾಡಿದ್ದು, ನೈಸರ್ಗಿಕ, ಪ್ರಿಸರ್ವೇಟಿವ್ ಇಲ್ಲ.

ಮೊದಲೆರಡರ ಬಗ್ಗೆ ನನಗೆ ತಕರಾರಿಲ್ಲ, ಮೂರನೆಯದರ ಬಗ್ಗೆ ಇದೆ. ಅಂಬತ್ತೂರಿನ ಕೈಗಾರಿಕಾ ವಸಾಹತಿನಲ್ಲಿ, ಬೇರೆ ಬೇರೆ ಬ್ರ್ಯಾಂಡುಗಳಿಗೆ ಶಾಂಪೂ, ಲೋಷನ್ ತಯಾರಿಸಿಕೊಡುವ ಘಟಕವೊಂದರಲ್ಲಿ ಗುಣಮಟ್ಟ ಪರೀಕ್ಷೆ ನನ್ನ ಕೆಲಸ. ಯಾವುದು ಕೆಡುತ್ತದೆ, ಎಷ್ಟು ದಿನಕ್ಕೆ ಕೆಡುತ್ತದೆ, ಏಕೆ ಕೆಡುತ್ತದೆ ಎಂದು ನೋಡುವುದಕ್ಕೇ ನನಗೆ ಸಂಬಳ. ಆ ಅನುಭವದಿಂದ ಹೇಳುವುದಾದರೆ, ‘ಪ್ರಿಸರ್ವೇಟಿವ್ ಇಲ್ಲ’ ಎಂಬ ಅದೇ ಸಾಲು ಒಂದು ಸೋಪಿನ ಮೇಲೆ ಅನಗತ್ಯ ಜಂಬ, ಇನ್ನೊಂದರ ಮೇಲೆ ಅಪಾಯದ ಸೂಚನೆ. ಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ನೋಡಿದರೆ ಮಾರುವವರಲ್ಲೂ ಹಲವರಿಗೆ ಗೊತ್ತಿಲ್ಲ.

ನಿಜವಾದ ಗಟ್ಟಿ ಸೋಪಿನಿಂದ ಶುರು ಮಾಡೋಣ. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳಿಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ, ಗಟ್ಟಿಯಾಗುವವರೆಗೆ ಕಲಕಿ, ಅಚ್ಚಿಗೆ ಹೊಯ್ದು, ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಿಸಿದ ಸೋಪಿದು. ಇದರ ಪಿಎಚ್ 9–10ರ ಆಸುಪಾಸು, ನೀರಿನಂಶ ಕಡಿಮೆ. ಅಷ್ಟು ಕ್ಷಾರವಿರುವ, ಅಷ್ಟು ಒಣಗಿದ ಜಾಗದಲ್ಲಿ ಬ್ಯಾಕ್ಟೀರಿಯಾ ಆಗಲಿ ಬೂಷ್ಟಾಗಲಿ ಸಂಸಾರ ಹೂಡುವುದು ಕಷ್ಟ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೋಪಿನ ಬಿಲ್ಲೆಗಳಿಗೆ ಬೇಕೆಂದೇ ಇ. ಕೊಲೈ ಮತ್ತು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಹಚ್ಚಿ 16 ಮಂದಿಗೆ ಕೈ ತೊಳೆಯಲು ಕೊಟ್ಟಿದ್ದರು. ತೊಳೆದ ಮೇಲೆ ಒಬ್ಬರ ಕೈಯಲ್ಲೂ ಅವು ಪತ್ತೆಯಾಗುವ ಮಟ್ಟದಲ್ಲಿ ಇರಲಿಲ್ಲ. ಇಂಥ ಸೋಪಿಗೆ ಪ್ರಿಸರ್ವೇಟಿವ್ ಬೇಕಿಲ್ಲ. ಅದರ ಮೇಲೆ ‘ಪ್ರಿಸರ್ವೇಟಿವ್ ಇಲ್ಲ’ ಎಂದು ಬರೆಯುವುದು ಉಪ್ಪಿನ ಪ್ಯಾಕೆಟ್ಟಿನ ಮೇಲೆ ‘ಇರುವೆ ಮುತ್ತುವುದಿಲ್ಲ’ ಎಂದು ಬರೆದಂತೆ.

ಹಾಗೆಂದು ಮನೆಯ ಗಟ್ಟಿ ಸೋಪು ಕೆಡುವುದೇ ಇಲ್ಲ ಎಂದಲ್ಲ. ಕೆಡುತ್ತದೆ, ಆದರೆ ಬೇರೆ ರೀತಿಯಲ್ಲಿ. ಎರಡು–ಮೂರು ತಿಂಗಳಿಗೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತದೆ. ಮೂಗಿಗೆ ಹಿಡಿದರೆ ಕಮಟು ವಾಸನೆ, ಹಳೆಯ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅದೇ. ಅದು ರೋಗಾಣುವಿನ ಕೆಲಸವಲ್ಲ. ಸೋಪಿನಲ್ಲಿ ಉಳಿದ ಎಣ್ಣೆ ಗಾಳಿಯ ಆಮ್ಲಜನಕ ಸೇರಿ ಹಳಸಿದ್ದು. ಚರ್ಮಕ್ಕೆ ಮೃದುವಾಗಿರಲಿ ಎಂದು ಮನೆ ಸೋಪಿನಲ್ಲಿ ಶೇ 5ರಷ್ಟು ಎಣ್ಣೆಯನ್ನು ಸೋಪಾಗದಂತೆ ಉಳಿಸುವ ರೂಢಿಯಿದೆ. ಆ ಎಣ್ಣೆ ಕೊಬ್ಬರಿಯದಾದರೆ ಬಹುಕಾಲ ತಾಳುತ್ತದೆ. ಸೂರ್ಯಕಾಂತಿ, ಸೋಯಾ ಆದರೆ ಬೇಗ ಕೈಕೊಡುತ್ತದೆ. ಕಬ್ಬಿಣ, ತಾಮ್ರದ ಅಂಶ ಸ್ವಲ್ಪ ಸೇರಿದರೂ ಹಳಸುವಿಕೆ ಚುರುಕಾಗುತ್ತದೆ. ಚೆನ್ನೈಯ ಬೋರ್‌ವೆಲ್ ನೀರಿನಲ್ಲಿ ಏನೇನಿದೆ ಎಂದು ಬಕೆಟ್ಟಿನ ಅಂಚಿನ ಕರೆ ನೋಡಿದವರಿಗೆಲ್ಲ ಗೊತ್ತು. ಕಾಸ್ಟಿಕ್ ಕರಗಿಸಲು ಡಿಸ್ಟಿಲ್ಡ್ ವಾಟರ್ ಬಳಸಿದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಉಳಿದರ್ಧಕ್ಕೆ ಎರಡು ಬಗೆಯ ಸೇರಿಕೆಗಳಿವೆ. ಒಂದು, ಎಣ್ಣೆ ಹಳಸದಂತೆ ತಡೆಯುವ ಆಂಟಿಆಕ್ಸಿಡೆಂಟ್. ರೋಸ್‌ಮೇರಿ ಸತ್ವ, ವಿಟಮಿನ್ ಇ, ಬಿಎಚ್‌ಟಿ ಈ ಗುಂಪಿನವು. ಇನ್ನೊಂದು, ಲೋಹದ ಅಂಶವನ್ನು ಹಿಡಿದಿಡುವ ಇಡಿಟಿಎ ಅಥವಾ ಸಿಟ್ರೇಟ್. ಸಿಟ್ರೇಟ್ ಬೇಕಾದರೆ ಅಡುಗೆಮನೆಯ ನಿಂಬೆಹುಳಿ, ಅಂದರೆ ಸಿಟ್ರಿಕ್ ಆ್ಯಸಿಡ್ ಸಾಕು. ಆದರೆ ಅದು ಕಾಸ್ಟಿಕ್ಕನ್ನು ತಿನ್ನುತ್ತದೆ: 10 ಗ್ರಾಂ ಸಿಟ್ರಿಕ್ ಆ್ಯಸಿಡ್‌ಗೆ ಸುಮಾರು 6 ಗ್ರಾಂ ಕಾಸ್ಟಿಕ್ ಸೋಡಾ ಹೆಚ್ಚಿಗೆ ಲೆಕ್ಕ ಹಾಕಬೇಕು. ಅಂಗಡಿಯಲ್ಲಿ ಸಿಗುವ ಯಾವುದಾದರೂ ಸೋಪಿನ ಹೊದಿಕೆ ತಿರುಗಿಸಿ ನೋಡಿ, ಈ ಹೆಸರುಗಳಲ್ಲಿ ಒಂದೆರಡು ಕಾಣುವ ಸಾಧ್ಯತೆಯೇ ಹೆಚ್ಚು. ಇವು ಯಾವುವೂ ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ‘ನಾನು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದ್ದೀನಿ, ಅದೇ ನ್ಯಾಚುರಲ್ ಪ್ರಿಸರ್ವೇಟಿವ್’ ಎನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಕ್ಯಾಪ್ಸೂಲ್ ಎಣ್ಣೆಯನ್ನು ಕಾಯುತ್ತದೆ. ನೀರನ್ನು ಕಾಯುವುದು ಅದರ ಕೆಲಸವಲ್ಲ.

ಇನ್ನು ಇಲ್ಲಿಯ ಹವೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತವರು ಯೂಟ್ಯೂಬಿನಲ್ಲಿ ‘ನಾಲ್ಕು ವಾರ ಒಣಗಿಸಿ’ ಎನ್ನುತ್ತಾರೆ. ಅವರ ನಾಲ್ಕು ವಾರ ಬೇರೆ, ನಮ್ಮ ನಾಲ್ಕು ವಾರ ಬೇರೆ. ಕಡಲ ಮಗ್ಗುಲಿನ ಈ ಊರಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿಯುವಾಗ ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವವನ್ನೇ ಹೀರಿಕೊಂಡು ಬೆವರತೊಡಗುತ್ತದೆ. ಒಣಗಬೇಕಾದ ಬಿಲ್ಲೆ ಮತ್ತಷ್ಟು ಒದ್ದೆ. ದೀಪಾವಳಿ, ರಾಜ್ಯೋತ್ಸವದ ಆರ್ಡರುಗಳು ಬರುವುದೂ ಅದೇ ಮಳೆಯಲ್ಲಿ. ಬೇಸಿಗೆಯ ಕೊನೆಯಲ್ಲೇ ಮಾಡಿ ಒಣಗಿಸಿಟ್ಟುಕೊಂಡವರು ಜಾಣರು. ನಮ್ಮ ಅಜ್ಜಿಯರು ಸಂಡಿಗೆ ಹಾಕುತ್ತಿದ್ದದ್ದೂ ಬೇಸಿಗೆಯಲ್ಲೇ ತಾನೇ.

ಇಷ್ಟೆಲ್ಲ ಆದರೂ ಹಳಸಿದ ಗಟ್ಟಿ ಸೋಪಿನಿಂದ ಆಗುವ ನಷ್ಟ ಸಣ್ಣದು. ನಾರುತ್ತದೆ, ಎಸೆಯುತ್ತೇವೆ. ನನ್ನ ಚಿಂತೆ ಇರುವುದು ಈ ಬಿಲ್ಲೆಗಳ ಪಕ್ಕದಲ್ಲೇ ಇಟ್ಟು ಮಾರುವ ಬೇರೆರಡು ವಸ್ತುಗಳ ಬಗ್ಗೆ.

ಮೊದಲನೆಯದು ಸೋಪ್ ಬೇಸ್ ಕರಗಿಸಿ ಮಾಡುವ ಬಿಲ್ಲೆ. ಕಾಸ್ಟಿಕ್ ಮುಟ್ಟಲು ಹೆದರುವವರಿಗೆ ಇದು ವರ. ಜಾರ್ಜ್‌ಟೌನಿನ ಸಗಟು ಬೀದಿಗಳಿಂದಲೋ ಆನ್‌ಲೈನಿನಿಂದಲೋ ಸಿದ್ಧ ಬೇಸ್ ತಂದು, ಕರಗಿಸಿ, ಬೇಕಾದ್ದು ಬೆರೆಸಿ, ಅಚ್ಚಿಗೆ ಹೊಯ್ದರೆ ಸಂಜೆಗೆ ಸೋಪು ತಯಾರು. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಆಗುವುದು ಬೆರೆಸುವ ಹಂತದಲ್ಲಿ. ತಮಿಳುನಾಡಿನಲ್ಲಿ ಕುಪ್ಪೈಮೇನಿ ಸೋಪಿಗೆ ಬಹಳ ಬೇಡಿಕೆ. ನಮ್ಮ ಕುಪ್ಪಿಗಿಡವೇ ಅದು. ಹಸಿ ಎಲೆ ಅರೆದು, ರಸ ಹಿಂಡಿ ಬೇಸಿಗೆ ಸುರಿಯುತ್ತಾರೆ. ಲೋಳೆಸರದ ತಿರುಳು, ಹಸಿ ಅರಿಶಿನ, ಪಪ್ಪಾಯಿ, ಮೇಕೆಹಾಲು ಹೀಗೆ ಪಟ್ಟಿ ಬೆಳೆಯುತ್ತದೆ. ಇಲ್ಲಿ ಕಾಸ್ಟಿಕ್ಕಿನ ಸುಡುವ ಹಂತವೇ ಇಲ್ಲ, ಆರು ವಾರ ಒಣಗಿಸುವುದೂ ಇಲ್ಲ. ಬೇಸಿನೊಳಗೆ ಹೆಚ್ಚುವರಿ ನೀರು, ಸಕ್ಕರೆ, ಪ್ರೋಟೀನು ಹಾಕಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟಂತಾಯಿತು. ಕೆಲವು ವಾರಗಳಲ್ಲಿ ಹಸಿರು ಬಣ್ಣ ಕಂದಾಗುತ್ತದೆ, ಅಂಚಿನಲ್ಲಿ ಬೂಷ್ಟು ಕಾಣುತ್ತದೆ. ಬೇವು, ಅರಿಶಿನ, ತುಳಸಿ ಹಾಕಿದ್ದೇನೆ, ಅವೇ ರೋಗಾಣುನಾಶಕ ಎಂಬ ಸಮಾಧಾನ ಬೇಡ. ಆ ಪ್ರಮಾಣದ ಹಸಿ ಸೊಪ್ಪು ಬೂಷ್ಟಿಗೆ ಊಟವಾಗುತ್ತದೆಯೇ ಹೊರತು ವಿಷವಾಗುವುದಿಲ್ಲ.

ಇಲ್ಲೊಂದು ತಮಾಷೆಯೂ ಇದೆ. ಕೊಂಡು ತಂದ ಎಷ್ಟೋ ಬೇಸ್‌ಗಳಲ್ಲಿ ಪ್ರೊಪಿಲಿನ್ ಗ್ಲೈಕಾಲ್, ಸೋಡಿಯಂ ಲಾರೆತ್ ಸಲ್ಫೇಟ್, ಇಡಿಟಿಎ ಎಲ್ಲ ಮೊದಲೇ ಸೇರಿರುತ್ತವೆ. ಬೇಸಿನ ಚೀಟಿಯನ್ನೇ ಓದದೆ ತಮ್ಮ ಚೀಟಿಯ ಮೇಲೆ ‘ಕೆಮಿಕಲ್ ಇಲ್ಲ’ ಎಂದು ಅಚ್ಚು ಹಾಕಿಸುತ್ತಾರೆ. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪೇ ಹುಟ್ಟುವುದಿಲ್ಲ ಎಂಬುದು ಹಾಗಿರಲಿ.

ಎರಡನೆಯದು, ನಿಜವಾಗಿ ಭಯ ಹುಟ್ಟಿಸುವಂಥದ್ದು, ಬಾಟಲಿಯ ದ್ರವ. ಬಾಡಿ ವಾಶ್, ಅಂಟುವಾಳದ ಶಾಂಪೂ, ‘ಕಂದಮ್ಮಗಳಿಗೆ’ ಎಂದು ಚಿತ್ರ ಬರೆದ ಬೇಬಿ ವಾಶ್. ಇವುಗಳಲ್ಲಿ ಬಹುಪಾಲು ನೀರೇ. ಅಂಟುವಾಳಕಾಯಿ ಕುದಿಸಿದ ನೀರು ಚೆನ್ನೈಯ ಸೆಕೆಯಲ್ಲಿ ಎರಡು–ಮೂರು ದಿನಕ್ಕೆ ಹುಳಿ ನಾತ ಹೊಡೆಯುತ್ತದೆ ಎಂಬುದು ಮನೆಯಲ್ಲಿ ಕುದಿಸಿದವರಿಗೆಲ್ಲ ತಿಳಿದದ್ದು. ಅದನ್ನೇ ಬಾಟಲಿಗೆ ತುಂಬಿ ಮೂರು ತಿಂಗಳು ಬಾಳುತ್ತದೆ ಎಂದು ಮಾರಿದರೆ? ಕಳೆದ ಮಳೆಗಾಲದಲ್ಲಿ ಪರಿಚಯದ ದಂಪತಿ ಎಂಟು ತಿಂಗಳ ಮಗುವಿಗೆಂದು ಕೊಂಡಿದ್ದ ಇಂಥದ್ದೊಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ವಾಸನೆ ಚೆನ್ನಾಗಿಯೇ ಇತ್ತು, ಲ್ಯಾವೆಂಡರ್ ಎಣ್ಣೆ ಮುಚ್ಚಿಹಾಕಿತ್ತು. ಪ್ಲೇಟಿನ ಮೇಲೆ ಹಾಕಿ ಎರಡು ದಿನ ಇಟ್ಟರೆ ಎಣಿಸಲಾಗದಷ್ಟು ಕಾಲೊನಿಗಳು. ನಮ್ಮ ಉದ್ಯಮದ ಲೆಕ್ಕದಲ್ಲಿ ಸಾಮಾನ್ಯ ಉತ್ಪನ್ನದ ಒಂದು ಗ್ರಾಂನಲ್ಲಿ 1,000 ಜೀವಾಣು ದಾಟಬಾರದು, ಮೂರು ವರ್ಷದೊಳಗಿನ ಮಕ್ಕಳ ವಸ್ತುವಾದರೆ 100. ಸ್ಯೂಡೊಮೊನಾಸ್‌ನಂಥವು ಇರಲೇಕೂಡದು. ಮಾರಿದವರು ಮೋಸಗಾರರೇನಲ್ಲ. ಆ ಮಗುವಿನ ತಾಯಿ ಫೋನ್ ಮಾಡಿದಾಗ ಅವರು ಹೇಳಿದ್ದು, ‘ನನ್ನ ಮೊಮ್ಮಗೂಗೂ ಇದನ್ನೇ ಹಾಕ್ತೀನಮ್ಮ, ಒಂದ್ ತೊಟ್ಟು ಕೆಮಿಕಲ್ ಹಾಕಿಲ್ಲ.’ ಹಾಕಿದ್ದರೆ ನನಗೆ ಈ ಲೇಖನ ಬರೆಯುವ ಕೆಲಸ ಇರುತ್ತಿರಲಿಲ್ಲ.

ಆರೋಗ್ಯವಂತರ ಚರ್ಮ ಇಂಥದ್ದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಹಸುಗೂಸು, ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಗಾಯವಾದ ಅಪ್ಪ, ಕೀಮೊ ಮುಗಿಸಿ ಬಂದ ಅತ್ತೆ, ಬಿರುಕುಬಿಟ್ಟ ಎಕ್ಸಿಮಾ ಇರುವವರು ತಡೆದುಕೊಳ್ಳುತ್ತಾರೆ ಎಂದು ಹೇಳಲಾಗದು. ‘ನೈಸರ್ಗಿಕ’ ಎಂದು ಹುಡುಕಿಕೊಂಡು ಹೋಗಿ ಕೊಳ್ಳುವವರು ಹೆಚ್ಚಾಗಿ ಇವರಿಗಾಗಿಯೇ ಕೊಳ್ಳುತ್ತಾರೆ. ದ್ರವ ಸೋಪು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಶಾಲೆಯೊಂದರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವಿದೆ. ಅಲ್ಲಿ ಮರುತುಂಬುವ ಡಿಸ್ಪೆನ್ಸರುಗಳ ಸೋಪಿನಲ್ಲೇ ಬ್ಯಾಕ್ಟೀರಿಯಾ ಬೆಳೆದಿತ್ತು. ಅದರಿಂದ ಕೈ ತೊಳೆದ ಮೇಲೆ ಕೈಯಲ್ಲಿನ ಒಂದು ಗುಂಪಿನ ಬ್ಯಾಕ್ಟೀರಿಯಾ ತೊಳೆಯುವ ಮುಂಚಿಗಿಂತ 26 ಪಟ್ಟು ಹೆಚ್ಚಾಗಿತ್ತು. ಕೈ ತೊಳೆಯದಿದ್ದರೇ ವಾಸಿಯಿತ್ತು.

ಪ್ರಿಸರ್ವೇಟಿವ್ ಎಂದರೆ ಜನ ಬೆಚ್ಚುವುದಕ್ಕೆ ಕಾರಣವೇ ಇಲ್ಲ ಎನ್ನಲಾರೆ. 2004ರಲ್ಲಿ ಬ್ರಿಟನ್ನಿನ ಫಿಲಿಪ್ಪಾ ಡಾರ್ಬ್ರೆ ಅವರ ತಂಡ ಸ್ತನದ ಗೆಡ್ಡೆಗಳ ಮಾದರಿಗಳಲ್ಲಿ ಪ್ಯಾರಬೆನ್ ಇರುವುದನ್ನು ವರದಿ ಮಾಡಿತು. ಗೆಡ್ಡೆಗೆ ಅದೇ ಕಾರಣ ಎಂದು ಆ ಅಧ್ಯಯನ ತೋರಿಸಿರಲಿಲ್ಲ. ಆದರೆ ಸುದ್ದಿ ಹರಡಿದ ವೇಗಕ್ಕೆ ವಿವರಣೆ ಹರಡಲಿಲ್ಲ. ‘ಪ್ಯಾರಬೆನ್ ಫ್ರೀ’ ಎಂಬ ಮುದ್ರೆ ಮಾರಾಟದ ಮಂತ್ರವಾಯಿತು. ಯುರೋಪು 2014ರಲ್ಲಿ ಐದು ಬಗೆಯ ಪ್ಯಾರಬೆನ್ ನಿಷೇಧಿಸಿತು. ಮಿಥೈಲ್, ಈಥೈಲ್ ಪ್ಯಾರಬೆನ್‌ಗಳನ್ನು ಮಿತಿಯೊಳಗೆ ಉಳಿಸಿಕೊಂಡಿತು. ಕಂಪನಿಗಳು ಮಾಡಿದ್ದೇನು? ಪ್ಯಾರಬೆನ್ ಬಿಟ್ಟ ಹಲವು ಕಡೆ ಮಿಥೈಲ್ ಐಸೋಥಯಾಜೋಲಿನೋನ್ ಎಂಬ ಬೇರೆ ಪ್ರಿಸರ್ವೇಟಿವ್ ತಂದು ಕೂರಿಸಿದವು. ಅದು ಚರ್ಮದ ಅಲರ್ಜಿಯ ಅಲೆಯನ್ನೇ ಎಬ್ಬಿಸಿತು. ಅಮೆರಿಕದ ಚರ್ಮತಜ್ಞರ ಸಂಘಟನೆಯೊಂದು 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಸಾರಿತು. ಅದೇ ಸಂಘಟನೆ 2019ರಲ್ಲಿ ಪ್ಯಾರಬೆನ್‌ಗಳನ್ನು ‘ಅಲರ್ಜಿಕಾರಕವಲ್ಲದ್ದು’ ಎಂದು ಹೆಸರಿಸಿತು. ದೆವ್ವಕ್ಕೆ ಹೆದರಿ ಪಿಶಾಚಿಯ ಮನೆ ಹೊಕ್ಕಂತಾಯಿತು.

ಆದ್ದರಿಂದ ಎಲ್ಲ ಪ್ರಿಸರ್ವೇಟಿವ್‌ಗಳೂ ಅಮೃತ ಎಂಬುದು ನನ್ನ ವಾದವಲ್ಲ. ಯಾವುದು, ಎಷ್ಟು, ಯಾತರಲ್ಲಿ ಎಂದು ಕೇಳಬೇಕು. ಜೀವಾಣು ಸಾಯಿಸುವ ವಸ್ತು ಪ್ರಮಾಣ ಮೀರಿದರೆ ನಮ್ಮ ಚರ್ಮವನ್ನೂ ಕಾಡುತ್ತದೆ, ಅದಕ್ಕೇ ಮಿತಿಗಳಿರುವುದು. ಫಿನಾಕ್ಸಿಎಥನಾಲ್‌ಗೆ ಯುರೋಪಿನ ಮಿತಿ ಶೇ 1. ಅಡುಗೆಮನೆಯ ಚಮಚದಲ್ಲಿ ಅಳೆಯುವ ವಸ್ತುವಲ್ಲ ಅದು. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು.

‘ಯಾತರಲ್ಲಿ’ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ, ಹೆಚ್ಚು ಜನ ಎಡವುವುದೂ ಅಲ್ಲೇ. ಸ್ಕ್ವಾಷ್, ಜಾಮಿಗೆ ಹಾಕುವ ಸೋಡಿಯಂ ಬೆಂಜೋಯೇಟ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ತಿನ್ನುವುದಕ್ಕೇ ಹಾಕುತ್ತಾರೆ, ಮೈಗೆ ಹಾಕಿದರೇನು ಎಂದು ದ್ರವ ಸೋಪಿಗೆ ಬೆರೆಸುತ್ತಾರೆ. ಆದರೆ ಬೆಂಜೋಯೇಟ್, ಸೋರ್ಬೇಟ್ ಎರಡೂ ಆಮ್ಲದಲ್ಲಿ ಮಾತ್ರ ಕೆಲಸ ಮಾಡುವಂಥವು. ಪಿಎಚ್ 5 ದಾಟಿದರೆ ಬಲ ಕಳೆದುಕೊಳ್ಳುತ್ತವೆ. ಕಾಸ್ಟಿಕ್ ಪೊಟ್ಯಾಷ್‌ನಿಂದ ಮಾಡಿದ ದ್ರವ ಸೋಪಿನ ಪಿಎಚ್ 9ರ ಮೇಲೆ. ಅಲ್ಲಿ ಬೆಂಜೋಯೇಟ್ ಇದ್ದೂ ಇಲ್ಲದಂತೆ. ಅಂಟುವಾಳದ ನೀರು ತುಸು ಆಮ್ಲೀಯ, ನಿಂಬೆಹುಳಿ ಸ್ವಲ್ಪ ಸೇರಿಸಿ ಪಿಎಚ್ ಇಳಿಸಿದರೆ ಅದರಲ್ಲಿ ಬೆಂಜೋಯೇಟ್ ಪರವಾಗಿಲ್ಲ. ಹೀಗೆ ಒಂದೇ ಪುಡಿ ಒಂದು ಬಾಟಲಿಯಲ್ಲಿ ಕಾವಲುಗಾರ, ಪಕ್ಕದ ಬಾಟಲಿಯಲ್ಲಿ ಬೆದರುಗೊಂಬೆ. ಪಿಎಚ್ ಪಟ್ಟಿ ಇಲ್ಲದೆ ದ್ರವ ತಯಾರಿಗೆ ಇಳಿಯಲೇಬಾರದು. ಮಾರುವುದಾದರೆ ಒಮ್ಮೆಯಾದರೂ ಲ್ಯಾಬಿನಲ್ಲಿ ಚಾಲೆಂಜ್ ಟೆಸ್ಟ್ ಮಾಡಿಸಬೇಕು. ಬೇಕೆಂದೇ ರೋಗಾಣು ಬೆರೆಸಿ 28 ದಿನ ಕಾದು, ಪ್ರಿಸರ್ವೇಟಿವ್ ಅವನ್ನು ಹತೋಟಿಗೆ ತಂದಿತೇ ಎಂದು ನೋಡುವ ಪರೀಕ್ಷೆ ಅದು. ಖರ್ಚಿನದ್ದು ನಿಜ. ಮಗುವಿನ ಚಿತ್ರ ಹಾಕಿ ಮಾರುವವರು ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.

‘ನಮ್ಮ ಅಜ್ಜಿ ಏನೂ ಹಾಕ್ತಿರಲಿಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ಅಜ್ಜಿ ಹಾಕುತ್ತಿದ್ದರು. ಉಪ್ಪಿನಕಾಯಿಗೆ ಉಪ್ಪು, ಮೇಲೊಂದು ಪದರ ಎಣ್ಣೆ, ಒದ್ದೆ ಚಮಚ ಹಾಕಿದರೆ ಬೈಗುಳ. ಕೆಡುವುದನ್ನು ತಡೆಯುವ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೈ–ತಲೆ ತೊಳೆಯುವ ವಸ್ತುಗಳ ವಿಷಯದಲ್ಲಿ ಅವರ ಉಪಾಯ ಇನ್ನೂ ಸರಳ: ಒಣಪುಡಿ. ಸೀಗೆಪುಡಿ, ಚಿಗರೆಪುಡಿ, ಕಡಲೆಹಿಟ್ಟು, ಇಲ್ಲಿಯವರ ನಲಂಗುಮಾವು, ಅರಪ್ಪು ಎಲ್ಲವೂ ಪುಡಿಯೇ. ಬಿಸಿಲಲ್ಲಿ ಚುರುಕಾಗಿ ಒಣಗಿಸಿ, ಗಿರಣಿಯಲ್ಲಿ ಬೀಸಿ, ಡಬ್ಬಿಯಲ್ಲಿ ಇಟ್ಟರೆ ವರ್ಷ ಬಾಳುತ್ತಿತ್ತು. ಗಂಜಿಯಲ್ಲೋ ಮಜ್ಜಿಗೆಯಲ್ಲೋ ಕಲಸುತ್ತಿದ್ದದ್ದು ಅವತ್ತಿನ ಸ್ನಾನಕ್ಕೆ ಬೇಕಾದಷ್ಟೇ. ಮಲೆನಾಡಿನಲ್ಲಿ ದಾಸವಾಳದ ಎಲೆಯ ಲೋಳೆಯನ್ನು ಕಿವುಚಿದ ಹೊತ್ತಿಗೇ ತಲೆಗೆ ಹಾಕಿಕೊಳ್ಳುತ್ತಿದ್ದರು, ಬಾಟಲಿಯಲ್ಲಿ ತುಂಬಿ ಕೊರಿಯರ್ ಮಾಡುತ್ತಿರಲಿಲ್ಲ. ನಾವು ಅಜ್ಜಿಯ ಸಾಮಾನು ಇಟ್ಟುಕೊಂಡು ಅಜ್ಜಿಯ ಪದ್ಧತಿ ಬಿಟ್ಟಿದ್ದೇವೆ. ನೀರು ಬೆರೆಸಿ ತಿಂಗಳುಗಟ್ಟಲೆ ಇಡುವುದು ಅಂಗಡಿಯ ಶಾಂಪೂ ನೋಡಿ ಕಲಿತ ಅಭ್ಯಾಸ. ಅದನ್ನು ತೆಗೆದುಕೊಂಡ ಮೇಲೆ ಅದರ ಜತೆಗಿನ ಹೊಣೆಯನ್ನೂ ತೆಗೆದುಕೊಳ್ಳಬೇಕು.

ನಾವು ಕನ್ನಡಿಗರು ಸೋಪಿನ ವಿಷಯದಲ್ಲಿ ಸ್ವಲ್ಪ ಗತ್ತು ತೋರಿಸುವುದೂ ಉಂಟು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು ಗಂಧದೆಣ್ಣೆ, ಸೋಪಿನ ಉದ್ಯಮಕ್ಕೆ ಕೈಹಾಕಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸೋಪಿನ ತಂತ್ರ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಗಂಧವೂ ಎಣ್ಣೆಯೂ ಮನೆಯಲ್ಲೇ ಇದ್ದಾಗಲೂ ‘ನಮಗೆ ಗೊತ್ತಿದೆ’ ಎನ್ನದೆ ರಸಾಯನಶಾಸ್ತ್ರ ಓದಿದವರನ್ನೇ ಮತ್ತೆ ಓದಲು ಅಟ್ಟಿದ್ದರು. ಚೆನ್ನೈ ಅಂಗಡಿಯಲ್ಲಿ ಮೈಸೂರು ಸ್ಯಾಂಡಲ್ ಡಬ್ಬಿ ಕಂಡು ಸಂತೋಷಪಡುವವರು ಈ ಭಾಗವನ್ನೂ ನೆನೆಯಬಹುದು.

ಕೊನೆಗೆ ಕಾನೂನು, ಏಕೆಂದರೆ ಇದನ್ನು ಹೇಳಿದಾಗ ಎಲ್ಲರ ಮುಖವೂ ಸಪ್ಪಗಾಗುತ್ತದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ವ್ಯಾಖ್ಯೆಯಿಂದ ಸೋಪನ್ನು ಮೊದಲು ಹೊರಗಿಟ್ಟಿದ್ದರು. 1982ರ ತಿದ್ದುಪಡಿಯಲ್ಲಿ ಆ ವಿನಾಯಿತಿ ತೆಗೆದುಹಾಕಿದರು. ಈಗ 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ರಾಜ್ಯದ ಪರವಾನಗಿ ಬೇಕು. ಚೀಟಿಯಲ್ಲಿ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಸಾಮಗ್ರಿಗಳ ಪಟ್ಟಿ, ಯಾವ ದಿನಾಂಕದೊಳಗೆ ಬಳಸಬೇಕು ಎಂಬುದು ಇರಬೇಕು. ನಮ್ಮ ಗುಂಪುಗಳಲ್ಲಿ ಓಡಾಡುವ ಚೀಟಿಗಳಲ್ಲಿ ಫೋನ್ ನಂಬರ್ ಇರುತ್ತದೆ, ಹೂವಿನ ಚಿತ್ರ ಇರುತ್ತದೆ, ತಾರೀಖು ಇರುವುದಿಲ್ಲ. ಒಬ್ಬೊಬ್ಬರೇ ಪರವಾನಗಿ ಮಾಡಿಸುವುದು ಭಾರವಾದರೆ ಪರವಾನಗಿ ಇರುವ ಘಟಕದಲ್ಲಿ ತಯಾರಿಸಿಕೊಳ್ಳುವ ದಾರಿಯೂ ನಿಯಮಗಳಲ್ಲಿದೆ. ನಮ್ಮಂಥ ಘಟಕಗಳು ಬದುಕಿರುವುದೇ ಅದರಿಂದ. ಇದನ್ನು ಓದಿ ನನ್ನ ಸ್ವಾರ್ಥ ಎನ್ನುವವರಿದ್ದರೆ ಅನ್ನಲಿ.

ಪರವಾನಗಿಯ ಹಾದಿ ಹಿಡಿಯುವವರೆಗೆ ಕೊಳ್ಳುವವರು ಮಾಡಬಹುದಾದ್ದು ಇಷ್ಟು. ಗಟ್ಟಿ ಬಿಲ್ಲೆಯಾದರೆ ಎಂದು ಮಾಡಿದ್ದು, ಕಾಸ್ಟಿಕ್ಕಿನದೋ ಬೇಸಿನದೋ ಎಂದು ಕೇಳಿ. ಬೇಸಿನದಾದರೆ ಹಸಿ ರಸ ಹಾಕಿದ್ದಾರೆಯೇ, ಒಣಪುಡಿಯೇ ಎಂದು ಕೇಳಿ. ಬಾಟಲಿಯಾದರೆ ಪ್ರಿಸರ್ವೇಟಿವ್ ಯಾವುದು ಎಂದು ಕೇಳಿ. ‘ಯಾವುದೂ ಇಲ್ಲ’ ಎಂಬ ಉತ್ತರ ಬಂದರೆ ವಾಪಸು ಇಟ್ಟುಬಿಡಿ. ಕಳೆದ ವಾರ ಈ ಮಾತನ್ನೇ ಹೇಳಿದಾಗ ದಾವಣಗೆರೆ ಕಡೆಯ ಒಬ್ಬ ಅಕ್ಕ ಕೇಳಿದರು, ‘ಹಂಗಾದ್ರ ಬಾಟ್ಲಿ ಬಿಟ್ಟು ಪುಡೀನ ಮಾರ್ಲೇನು?’ ಮಾರಿ ಅಕ್ಕಾ, ಅದಕ್ಕೂ ಪರವಾನಗಿ ಬೇಕು ಎಂದೆ. ಅಂಟುವಾಳದ ಬೀಜ ತೆಗೆದು, ಸಿಪ್ಪೆಯನ್ನು ಏಪ್ರಿಲ್–ಮೇ ಬಿಸಿಲಿನಲ್ಲಿ ಮುರಿದರೆ ಲಟಕ್ಕೆನ್ನುವಷ್ಟು ಒಣಗಿಸಿ, ತೇವವಿಲ್ಲದ ಜಾರಿನಲ್ಲಿ ಪುಡಿಮಾಡಿ, ಗಾಳಿಯಾಡದ ಡಬ್ಬಿಗೆ ತುಂಬಿ, ‘ಕಲಸಿದ ದಿನವೇ ಬಳಸಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದೆ.